ಚಪ್ಪಲಿ ಕಾಯುತ್ತಿದ್ದ ಅಕ್ಕ

ನಾನೂ ಅಕ್ಕನೂ ಗಂಡ, ಮಕ್ಕಳು ಯಾರೂ ಇಲ್ಲದೆ ಇಬ್ಬರೇ ಪ್ರವಾಸ ಹೋದದ್ದು ಒಂದೇ ಸಲ. 2022ರ ಆಗಸ್ಟಿನಲ್ಲಿ, ನಾರ್ವೆಗೆ. ಆಗ ಅವಳಿಗೆ ಐವತ್ತೆಂಟು, ನನಗೆ ಐವತ್ತು. ಬೆಟ್ಟಗಳ ನಡುವೆ, ಒಂದು ಸರೋವರದ ದಂಡೆಯ ಮರದ ಹೋಟೆಲಿನಲ್ಲಿ ಆರು ದಿನ ಇದ್ದೆವು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನಡೆಯಲು ಹೋಗುವುದು, ಸಂಜೆ ಕಾಲು ನೋಯಿಸಿಕೊಂಡು ಬಂದು ಬೆಂಕಿಯ ಮುಂದೆ ಕೂಡುವುದು, ಇಷ್ಟೇ ಕೆಲಸ. ಈಗಲೂ ಆಸ್ಪತ್ರೆಯಲ್ಲಿ ಎರಡು ಆಪರೇಷನ್ನುಗಳ ನಡುವೆ ಹತ್ತು ನಿಮಿಷ ಸಿಕ್ಕಿ, ಕಾಫಿ ಹಿಡಿದು ಕಿಟಕಿಯ ಹತ್ತಿರ ನಿಂತರೆ, ನನ್ನ ಮನಸ್ಸು ಹೇಳದೆ ಕೇಳದೆ ಅಲ್ಲಿಗೆ ಹೋಗಿಬಿಡುತ್ತದೆ.

ಅಕ್ಕ ಇರುವುದು ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ. ಅವಳು ಎಂಜಿನಿಯರು. ಮೂವತ್ತು ವರ್ಷ ಸೇತುವೆಗಳ ವಿನ್ಯಾಸ ಮಾಡಿದ್ದಾಳೆ. ನಾನಿರುವುದು ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯಲ್ಲಿ. ಆಪರೇಷನ್ನಿಗೆ ಮೊದಲು ರೋಗಿಗೆ ಅರಿವಳಿಕೆ ಕೊಡುವ ವೈದ್ಯೆ. ನಮ್ಮಿಬ್ಬರ ಮನೆಗಳ ನಡುವೆ ಕಾರಿನಲ್ಲಿ ಐದು ತಾಸಿನ ದಾರಿ. ಧಾರವಾಡದಲ್ಲಿ ನಾವು ಸಣ್ಣವರಿದ್ದಾಗ ಅವ್ವ ಶಾಲೆಯಲ್ಲಿ ಕಲಿಸುತ್ತಿದ್ದಳು. ಆಕೆ ಬೆಳಿಗ್ಗೆ ಲಗೂ ಹೋಗುವುದರಿಂದ ನನ್ನ ಹೆರಳು ಹಾಕಿದವಳು, ಪಾಟಿಚೀಲ ಹಿಡಿದು ನನ್ನನ್ನು ಶಾಲೆಗೆ ಮುಟ್ಟಿಸಿದವಳು ಅಕ್ಕ. ರಸ್ತೆ ದಾಟುವಾಗ ಅವಳು ಮುಂದೆ, ನಾನು ಹಿಂದೆ. ಅಮೆರಿಕಾಕ್ಕೂ ಹಾಗೇ ಬಂದೆವು. ಅವಳು ಮೊದಲು, ನಾನು ಆರು ವರ್ಷಗಳ ಮೇಲೆ.

ನಾರ್ವೆಯ ಮಾತು ಹುಟ್ಟಿದ್ದು 2020ರಲ್ಲಿ. ಕೊರೊನಾ ಹಬ್ಬಿದ ಆ ವರ್ಷದ ವಸಂತದಲ್ಲಿ ನನ್ನ ಕೆಲಸವೆಂದರೆ ಉಸಿರಾಡಲಾಗದವರ ಗಂಟಲಿಗೆ ನಳಿಗೆ ಇಳಿಸುವುದಾಗಿತ್ತು. ಮನೆಯಲ್ಲಿ ಗಂಡ, ಮಗಳು ಮೇಲೆ, ನಾನು ಬೇಸ್‌ಮೆಂಟಿನಲ್ಲಿ. ಊಟದ ತಟ್ಟೆಯನ್ನು ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಿದ್ದರು. ದಿನಾ ಸಂಜೆ ಐದಕ್ಕೆ ನಾನು ಪಟಾಪ್ಸ್ಕೊ ಹೊಳೆಯ ಗುಂಟ ಒಬ್ಬಳೇ ನಡೆಯಲು ಹೋಗುತ್ತಿದ್ದೆ. ಸರಿಯಾಗಿ ಐದೂ ಐದಕ್ಕೆ ಅಕ್ಕನ ಫೋನು. ಅವಳೂ ಅಲ್ಲಿ ಕ್ಯಾರಿಯ ಕೆರೆಯ ಸುತ್ತ ನಡೆಯಲು ಹೊರಟಿರುತ್ತಿದ್ದಳು. ಎಷ್ಟು ಮಂದಿ ಹೋದರು, ಎಷ್ಟು ಮಂದಿ ಉಳಿದರು ಎಂದು ಒಂದು ದಿನವೂ ಕೇಳಲಿಲ್ಲ.

“ಊಟಾ ಆತೇನ?” ಅನ್ನುತ್ತಿದ್ದಳು. “ನಮ್ಮ ಹಿತ್ತಲದಾಗ ಮೆಂತ್ಯಾ ಎದ್ದದ ನೋಡು. ಮೊಲ ಬಂದು ಅರ್ಧಾ ತಿಂದು ಹೋಗ್ಯಾವ.”

ನಾನು ಸುಮ್ಮನಿದ್ದರೆ, ಅವಳೂ ಸ್ವಲ್ಪ ಹೊತ್ತು ಸುಮ್ಮನೆ ನಡೆಯುತ್ತಿದ್ದಳು. ಅವಳ ಬೂಟಿನ ಸಪ್ಪಳ ಮಾತ್ರ ಕೇಳುತ್ತಿತ್ತು. ಆಮೇಲೆ, “ಅಂಜಬ್ಯಾಡ. ನಾ ಇದ್ದೀನಲ್ಲ,” ಅನ್ನುತ್ತಿದ್ದಳು. ಐದು ತಾಸಿನ ದೂರದಲ್ಲಿದ್ದು ಅವಳೇನು ಮಾಡುವವಳು? ಆದರೂ ಆ ಮಾತು ಕೇಳಿಯೇ ನಾನು ಮರುದಿನ ಕೆಲಸಕ್ಕೆ ಹೋಗುತ್ತಿದ್ದೆ. ಆ ರೂಢಿ ವರ್ಷವಾದರೂ ಬಿಡಲಿಲ್ಲ. ಲಸಿಕೆ ಬಂತು, ನಾವು ಹೋಗುವ ಲ್ಯಾನ್‌ಹ್ಯಾಮಿನ ಗುಡಿಯ ಬಾಗಿಲು ಮತ್ತೆ ತೆರೆಯಿತು, ಮಂದಿ ಒಬ್ಬರ ಮನೆಗೊಬ್ಬರು ಹೋಗತೊಡಗಿದರು. ನಾವು ಮಾತ್ರ ಸಂಜೆ ಐದಕ್ಕೆ ಫೋನು ಹಿಡಿದು ನಡೆಯುತ್ತಲೇ ಇದ್ದೆವು.

ಒಂದು ದಿನ ಅಕ್ಕನೇ ಅಂದಳು, “ಫೋನಿನಾಗ ನಡದದ್ದು ಸಾಕಾತು. ಒಮ್ಮೆ ಖರೇನ ಜೋಡಿ ನಡಿಬೇಕು ನೋಡು.”

ನಾರ್ವೆಯನ್ನು ಹುಡುಕಿದವಳು ನಾನು. ನಮ್ಮ ಆಸ್ಪತ್ರೆಯ ನರ್ಸ್ ಒಬ್ಬಳ ಅಜ್ಜಿ ಆ ದೇಶದವಳು. ಆ ನರ್ಸ್ ತೋರಿಸಿದ ಫೋಟೊಗಳನ್ನು ನೋಡಿ ನನಗೆ ಹುಚ್ಚು ಹಿಡಿದಿತ್ತು. ಅಕ್ಕನಿಗೆ ಹೇಳಿದೆ. ಅವಳು ಮೊದಲು ಕೇಳಿದ್ದು ದಾರಿಯ ಬಗ್ಗೆ.

“ಅಲ್ಲೆ ದಾರಿ ಹೆಂಗಿರ್ತಾವ?”

“ಛಲೋ ಇರ್ತಾವ. ಎಲ್ಲಾ ಕಡೆ ಮಾರ್ಕ್ ಮಾಡಿರ್ತಾರಂತ.”

“ಅಗಲ ಇರ್ತಾವೇನ?”

ನಾನು ನಕ್ಕುಬಿಟ್ಟೆ. “ಅಕ್ಕಾ, ಬೆಟ್ಟದ ದಾರಿ ಅದು. ಹೈವೇ ಏನು?”

“ಆತು, ಬುಕ್ ಮಾಡು,” ಅಂದಳು.

ಡಲ್ಲೆಸ್ ವಿಮಾನ ನಿಲ್ದಾಣದಲ್ಲಿ ಅವಳು ಕೆಂಪು ಜಾಕೀಟು ಹಾಕಿಕೊಂಡು ನಿಂತಿದ್ದಳು. ಹೊಸ ಬೂಟು ಮೆತ್ತಗಾಗಲೆಂದು ಎರಡು ತಿಂಗಳು ಮನೆಯೊಳಗೂ ಅದನ್ನೇ ಹಾಕಿಕೊಂಡು ಅಡ್ಡಾಡಿದ್ದಳಂತೆ. ಬ್ಯಾಗಿನಲ್ಲಿ ಶೇಂಗಾ ಚಟ್ನಿ, ಹಚ್ಚಿದ ಅವಲಕ್ಕಿ, ಒಂದು ಡಬ್ಬಿ ಕರದಂಟು. ವಿಮಾನದಲ್ಲಿ ಕಿಟಕಿಯ ಸೀಟು ನನಗೇ ಕೊಟ್ಟಳು. ಯಾವಾಗಲೂ ನನಗೇ ಕೊಡುತ್ತಿದ್ದಳು. ನಾನು ಅದನ್ನು ಅಕ್ಕನ ಪ್ರೀತಿ ಎಂದುಕೊಂಡಿದ್ದೆ.

ಆಸ್ಲೋದಿಂದ ಬಸ್ಸಿನಲ್ಲಿ ಐದು ತಾಸು ಹೋಗಿ ಇಳಿದಾಗ ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತು. ಹೋಟೆಲು ದೊಡ್ಡದೇನೂ ಅಲ್ಲ. ಕಪ್ಪಗಾದ ಮರದ ಗೋಡೆ, ಮಾಡಿನ ಮೇಲೆ ಮೊಳಕಾಲುದ್ದ ಹುಲ್ಲು, ಅದರ ನಡುವೆ ಹಳದಿ ಹೂವು. ಮುಂದೆ ಸರೋವರ, ಹಿಂದೆ ಬೆಟ್ಟ. ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಬರಬೇಕು. ಉಣ್ಣೆಯ ಕಾಲುಚೀಲ ಹಾಕಿಕೊಂಡು ಎಲ್ಲರೂ ಸಪ್ಪಳವಿಲ್ಲದೆ ಓಡಾಡುತ್ತಿದ್ದರು. ಒದ್ದೆ ಬಟ್ಟೆ, ಬೂಟುಗಳಿಗೆಂದೇ ಒಂದು ಬಿಸಿ ಕೋಣೆ ಇತ್ತು. ಅಲ್ಲಿ ಚರ್ಮ, ಉಣ್ಣೆ, ಸುಡುವ ಕಟ್ಟಿಗೆ ಎಲ್ಲ ಸೇರಿದ ಒಂದು ವಾಸನೆ. ಚೆನ್ನಾಗಿತ್ತೆಂದು ಹೇಳಲಾರೆ, ಆದರೆ ಇವತ್ತು ಎಲ್ಲಾದರೂ ಅದು ಸಿಕ್ಕರೆ ಅಲ್ಲೇ ನಿಂತುಬಿಡುತ್ತೇನೆ.

ಹೋಟೆಲು ನಡೆಸುತ್ತಿದ್ದವಳು ಅಕ್ಕನ ವಯಸ್ಸಿನ ಎತ್ತರದ ಹೆಂಗಸು. ಬಿಳಿಗೂದಲನ್ನು ಒಂದೇ ಜಡೆ ಹಾಕಿಕೊಂಡಿದ್ದಳು. ಬೆಳಗಿನ ನಾಷ್ಟಾದ ಮೇಜಿನಲ್ಲೇ ಮಧ್ಯಾಹ್ನದ ಬುತ್ತಿಯನ್ನೂ ನಾವೇ ಕಟ್ಟಿಕೊಳ್ಳುವುದು ಅಲ್ಲಿಯ ಪದ್ಧತಿ. ಬ್ರೆಡ್ಡು, ಬೆಣ್ಣೆ, ಚೀಸು ಇಟ್ಟು ತೆಳ್ಳನೆಯ ಕಾಗದದಲ್ಲಿ ಸುತ್ತಬೇಕು. ಮೊದಲ ದಿನ ನಾವು ಸಂಕೋಚದಿಂದ ಎರಡೆರಡು ತುಂಡು ಕಟ್ಟಿದ್ದನ್ನು ನೋಡಿ ಆಕೆ ಬಂದು ಪೊಟ್ಟಣ ಬಿಚ್ಚಿಸಿದಳು.

“ಇದು ಸಾಲದು. ಬೆಟ್ಟದಲ್ಲಿ ಹಸಿದವರು ದಾರಿ ತಪ್ಪುತ್ತಾರೆ,” ಎಂದು ಇಂಗ್ಲಿಷಿನಲ್ಲಿ ಹೇಳಿ ಇನ್ನೂ ನಾಲ್ಕು ತುಂಡು ಸೇರಿಸಿದಳು.

ಅಲ್ಲಿಯ ಒಂದು ಚೀಸು ಕಂದು ಬಣ್ಣದ್ದು. ಹಾಲೊಡೆದ ನೀರನ್ನು ಗಟ್ಟಿಯಾಗುವ ತನಕ ಕುದಿಸಿ ಮಾಡುತ್ತಾರಂತೆ. ಅಕ್ಕ ಒಂದು ಚೂರು ಬಾಯಿಗಿಟ್ಟುಕೊಂಡು ಕಣ್ಣರಳಿಸಿದಳು. “ಏ, ಇದು ಬೆಳಗಾವಿ ಕುಂದಾ ಅದಲ್ಲ! ಸ್ವಲ್ಪ ಉಪ್ಪು ಬಿದ್ದದ, ಅಷ್ಟ.” ಅವತ್ತಿನಿಂದ ಅದರ ಹೆಸರು ನಮ್ಮಲ್ಲಿ ಉಪ್ಪುಕುಂದಾ ಆಯಿತು. ಅದರ ಮೇಲೆ ಅಕ್ಕ ಶೇಂಗಾ ಚಟ್ನಿ ಉದುರಿಸಿಕೊಂಡು ತಿನ್ನುತ್ತಿದ್ದಳು. ಜಡೆಯ ಹೆಂಗಸಿಗೂ ಒಂದು ಚಮಚ ಕೊಟ್ಟಳು. ಆಕೆ ಕೆಮ್ಮಿ, ನೀರು ಕುಡಿದು, ಇನ್ನೊಂದು ಚಮಚ ಕೇಳಿದಳು.

ಮೊದಲ ಎರಡು ದಿನ ಸರೋವರದ ದಂಡೆ ಹಿಡಿದು ನಡೆದೆವು. ಕಲ್ಲುಗಳ ಮೇಲೆ ಕೆಂಪು ಬಣ್ಣದಲ್ಲಿ ಇಂಗ್ಲಿಷಿನ ಟಿ ಅಕ್ಷರ ಬರೆದಿರುತ್ತಿದ್ದರು. ಒಂದು ಟಿ ಮುಟ್ಟಿದರೆ ಮುಂದಿನ ಟಿ ಕಾಣುತ್ತದೆ. ಅಷ್ಟು ನೆಚ್ಚಿಕೊಂಡರೆ ಸಾಕು, ದಾರಿ ಸಾಗುತ್ತದೆ. ಕೊರಳಿಗೆ ಗಂಟೆ ಕಟ್ಟಿದ ಕುರಿಗಳು ಅಡ್ಡ ಬರುತ್ತಿದ್ದವು. ಜವುಗಿನಲ್ಲಿ ಕಿತ್ತಳೆ ಬಣ್ಣದ ಕಾಡುಹಣ್ಣುಗಳಿದ್ದವು. ಅಕ್ಕ ನನಗಿಂತ ಹತ್ತು ಹೆಜ್ಜೆ ಮುಂದೆ. ಫೋನಿನಲ್ಲಿ ಎರಡು ವರ್ಷ ಕೇಳಿದ ಬೂಟಿನ ಸಪ್ಪಳ ಈಗ ಕಣ್ಣ ಮುಂದೆಯೇ ನಡೆಯುತ್ತಿತ್ತು. ಶಾಲೆಯ ದಾರಿ, ಅವ್ವನ ಸಿಟ್ಟು, ಅಪ್ಪನ ಸೈಕಲ್ಲು, ಎಲ್ಲವೂ ಮಾತಿಗೆ ಬಂದವು. ನಾನು ಅಷ್ಟು ಹಗುರಾಗಿ ಎಷ್ಟೋ ವರ್ಷವಾಗಿತ್ತು.

ಮೂರನೆಯ ದಿನ ಬೆಟ್ಟದ ನೆತ್ತಿಯ ಅಂಚನ್ನು, ಏಣನ್ನು, ಹತ್ತುವುದೆಂದು ನಾನೇ ಹಟ ಹಿಡಿದೆ. ಹೋಟೆಲಿನ ಹಿಂದಿನ ಬೆಟ್ಟ ಹತ್ತಿ, ಬೆನ್ನೆಲುಬಿನ ಹಾಗಿದ್ದ ಉದ್ದನೆಯ ಏಣಿನ ಮೇಲೆ ನಡೆದು ಆಚೆ ಇಳಿದರೆ ಸುತ್ತಿ ಮತ್ತೆ ಹೋಟೆಲಿಗೇ ಬರಬಹುದು. ಅಕ್ಕ ನಕಾಶೆಯನ್ನು ಬಹಳ ಹೊತ್ತು ನೋಡಿದಳು. ಎಂಜಿನಿಯರು ನೋಡುವುದೇ ಹಾಗೆ ಎಂದುಕೊಂಡೆ. “ಆತು, ನಡಿ,” ಅಂದಳು.

ಎರಡು ತಾಸು ಏರು. ಬಿಸಿಲಿತ್ತು. ನೆರಳಿರುವ ಕಡೆ ಹಳೆಯ ಹಿಮ ಗಟ್ಟಿಯಾಗಿ ಕೂತಿತ್ತು. ಮೇಲೆ ಹೋದ ಮೇಲೆ ಸ್ವಲ್ಪ ದೂರ ದಾರಿ ಅಗಲವಾಗಿಯೇ ಇತ್ತು. ಆಮೇಲೆ ಒಂದು ಕಡೆ ಅದು ನಮ್ಮ ಊಟದ ಮೇಜಿನಷ್ಟು ಅಗಲಕ್ಕೆ ಇಳಿಯಿತು. ಎಡಗಡೆ ನೇರ ಕೆಳಗೆ ಸರೋವರ, ಹಸಿರುಗಾಜಿನ ಹಾಗೆ. ಬಲಗಡೆ ಕಲ್ಲಿನ ಇಳಿಜಾರು. ಅಕ್ಕ ಎಂದಿನ ಹಾಗೆ ಮುಂದಿದ್ದಳು. ನಡೆಯುತ್ತಿದ್ದವಳು ನಿಂತಳು. ಫೋಟೊ ತೆಗೆಯುತ್ತಾಳೆ ಎಂದುಕೊಂಡು ನಾನೂ ನಿಂತೆ. ಅವಳು ಹಾಗೇ ಮೆಲ್ಲಗೆ ಕೂತುಬಿಟ್ಟಳು. ಹತ್ತಿರ ಹೋಗಿ ನೋಡಿದರೆ ಎರಡೂ ಕೈಯಿಂದ ಕಲ್ಲನ್ನು ಅವುಚಿಕೊಂಡಿದ್ದಾಳೆ. ಉಗುರಿನ ತುದಿಗಳು ಬೆಳ್ಳಗಾಗಿವೆ. ಹಣೆಯ ಮೇಲೆ ಬೆವರು.

ನನಗೆ ಮೊದಲು ಹೊಳೆದದ್ದು ಹೃದಯ. ಅವಳ ಮಣಿಕಟ್ಟು ಹಿಡಿದೆ. ನಾಡಿ ಓಡುತ್ತಿತ್ತು.

“ಅಕ್ಕಾ, ಏನಾತು? ಎದಿ ನೋಯ್ತದೇನ? ಕೈ ಜೋಮು ಹಿಡದದೇನ?”

“ಎದಿ ಅಲ್ಲ.”

“ಮತ್ತೇನ?”

ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು. “ಅಂಜಿಕಿ. ಭಾಳ ಅಂಜಿಕಿ ಆಗ್ಲಿಕತ್ತದ. ನನ್ನ ಕೈ ಬಿಡಬ್ಯಾಡ.”

ಐವತ್ತು ವರ್ಷದಲ್ಲಿ ಅಕ್ಕನ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ನನಗೂ ಅಂಜಿಕೆಯಾಯಿತು. ಬಿದ್ದೇನೆಂದಲ್ಲ. ಅವಳೇ ಅಂಜಿದರೆ ಮುಂದೇನು ಎಂದು.

ಆಮೇಲೆ ನನ್ನ ವೃತ್ತಿಯೇ ನನ್ನನ್ನು ಕಾಪಾಡಿತು. ಅಂಜಿದವರ ತಲೆಯ ಹತ್ತಿರ ಕೂತು ಮಾತಾಡುವುದೇ ನನ್ನ ದಿನದ ಕೆಲಸ. ಅದೇ ದನಿ ತಂದುಕೊಂಡೆ. “ಕಣ್ಣು ತಗಿ. ಬ್ಯಾರೆ ಎಲ್ಲೂ ನೋಡಬ್ಯಾಡ, ನನ್ನ ಮಾರಿ ನೋಡು. ಉಸಿರು ಮೆಲ್ಲಕ ಬಿಡು. ಇನ್ನೂ ಮೆಲ್ಲಕ. ಏಳೂದು ಬ್ಯಾಡ. ಕೂತಲ್ಲಿಂದನ ಹಿಂದ ಸರಿಯೂಣು. ನಾವು ಮಾಳಿಗಿ ಮೆಟ್ಟಲಾ ಕೂತು ಕೂತು ಇಳೀತಿದ್ದೆವಲ್ಲ, ಹಂಗ.”

ಅವಳು ಒಂದು ಗೇಣು ಸರಿದಳು. ನಿಂತಳು. ಇನ್ನೊಂದು ಗೇಣು.

ಅಷ್ಟರಲ್ಲಿ ನಮ್ಮ ಹಿಂದಿನಿಂದ ಒಬ್ಬ ಮುದುಕ ಕೋಲೂರಿಕೊಂಡು ಬಂದ. ಎಪ್ಪತ್ತೈದು ದಾಟಿರಬೇಕು. ನಮ್ಮನ್ನು ನೋಡಿದ, ಏನೂ ಕೇಳಲಿಲ್ಲ. ಬೆನ್ನಚೀಲ ಇಳಿಸಿ, ಸರೋವರದ ಕಡೆಗೆ ಬೆನ್ನು ಮಾಡಿ, ಅಕ್ಕನ ಎಡಗಡೆ ಬಂದು ತಾನೂ ಕೂತುಬಿಟ್ಟ. ಅವಳಿಗೂ ಆ ಪ್ರಪಾತಕ್ಕೂ ನಡುವೆ ಒಂದು ಗೋಡೆಯ ಹಾಗೆ. ಆಮೇಲೆ ತನ್ನ ಊರಿನ ಆಲೂಗಡ್ಡೆಯ ಬಗ್ಗೆ ಮಾತಾಡತೊಡಗಿದ. ಈ ವರ್ಷ ಮಳೆ ಹೆಚ್ಚಾಗಿ ಗಡ್ಡೆಗಳು ಸಣ್ಣವಾಗಿವೆ, ಆದರೆ ರುಚಿ ಬಂದಿದೆ, ನಿಮ್ಮ ಕಡೆ ಆಲೂಗಡ್ಡೆ ಹೇಗೆ ಬೇಯಿಸುತ್ತೀರಿ ಎಂದು ಅಕ್ಕನನ್ನೇ ಕೇಳಿದ. ಅಕ್ಕ ಹಲ್ಲು ಕಚ್ಚಿಕೊಂಡು ಇಂಗ್ಲಿಷಿನಲ್ಲಿ ಸಾಸಿವೆ, ಹಸಿಮೆಣಸಿನಕಾಯಿ, ಅರಿಸಿನ ಎಂದು ಒಂದೊಂದೇ ಹೇಳಿದಳು. ಅರಿಸಿನಕ್ಕೆ ಒಂದು ಗೇಣು ಸರಿದಳು, ಉಳ್ಳಾಗಡ್ಡಿಗೆ ಎರಡು ಗೇಣು. ಮುದುಕನೂ ಕೂತೇ ಸರಿದ, ನಾನೂ ಸರಿದೆ. ಬರುವಾಗ ಐದು ನಿಮಿಷದಲ್ಲಿ ದಾಟಿದ್ದ ಆ ಜಾಗವನ್ನು ಹಿಂದಕ್ಕೆ ದಾಟಲು ಮುಕ್ಕಾಲು ತಾಸು ಹಿಡಿಯಿತು. ಅಗಲವಾದ ಜಾಗ ಬಂದ ಮೇಲೆ ಆತ ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು, ನಮಗೆ ಚಾಕಲೇಟಿನ ಎರಡು ತುಂಡು ಕೊಟ್ಟು, ಬಂದ ದಾರಿಯಲ್ಲೇ ಮತ್ತೆ ಏಣಿನ ಕಡೆಗೆ ಹೋದ. ಅವನ ಹೆಸರನ್ನೂ ನಾವು ಕೇಳಲಿಲ್ಲ.

ಕೆಳಗೆ ಇಳಿಯುವಾಗ ನಾನು ಮುಂದಿದ್ದೆ, ಅವಳು ಹಿಂದೆ. ಹೋಟೆಲಿನ ಹುಲ್ಲುಮಾಡು ಕಂಡಾಗ ಅಕ್ಕ ಅಂದಳು, “ಯಾರಿಗೂ ಹೇಳಬ್ಯಾಡ.”

“ಹೇಳೂದಿಲ್ಲ.”

“ನನ್ನ ಪ್ಯಾಂಟು ಹಿಂದ ಹರದದ. ನೀ ನನ್ನ ಹಿಂದ ನಡಿ.”

ಇಬ್ಬರೂ ನಿಂತು ನಗತೊಡಗಿದೆವು. ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಒಂದು ಕುರಿ ಮೇಯುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿತ್ತು.

ಮರುದಿನ ಮಳೆ. ಬೆಟ್ಟ, ಸರೋವರ ಎಲ್ಲ ಮಂಜಿನಲ್ಲಿ ಮುಳುಗಿ ಕಿಟಕಿಯಾಚೆ ಬೆಳ್ಳನೆಯ ಗೋಡೆ. ಯಾರೂ ಹೊರಗೆ ಹೋಗಲಿಲ್ಲ. ಆರು ದಿನಗಳಲ್ಲಿ ನನಗೆ ಹೆಚ್ಚು ನೆನಪಾಗುವುದು ಏನೂ ಮಾಡದ ಆ ಒಂದು ದಿನ. ಜಡೆಯ ಹೆಂಗಸು ಅಕ್ಕನಿಗೆ ಸೂಜಿ, ದಾರ, ನೀಲಿ ಬಟ್ಟೆಯ ಒಂದು ತುಂಡು ಕೊಟ್ಟು ಹೋದಳು. ಅಕ್ಕ ಬೆಂಕಿಯ ಮುಂದೆ ಕೂತು ಪ್ಯಾಂಟಿಗೆ ತೇಪೆ ಹಾಕುತ್ತಿದ್ದಳು. ನಾನು ಎದುರಿನ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದೆ. ತಡೆಯಲಾಗದೆ ಕೇಳಿದೆ.

“ಯಾವಾಗಿಂದ, ಅಕ್ಕಾ?”

“ತಿಳುವಳಿಕಿ ಬಂದಾಗಿಂದ.” ಸೂಜಿಯಿಂದ ಕಣ್ಣೆತ್ತಲಿಲ್ಲ. “ಗೋಳಗುಮ್ಮಟ ನೆನಪದೇನು ನಿನಗ?”

ನೆನಪಿತ್ತು. ನನಗೆ ಆರು ವರ್ಷ, ಅವಳಿಗೆ ಹದಿನಾಲ್ಕು. ಅಪ್ಪ ನಮ್ಮನ್ನೆಲ್ಲ ವಿಜಾಪುರಕ್ಕೆ ಕರೆದುಕೊಂಡು ಹೋಗಿದ್ದರು. ಮೊಳಕಾಲು ನೋವಿನ ಅಜ್ಜಿ ಮೇಲೆ ಹತ್ತುವಂತಿರಲಿಲ್ಲ. “ಅಜ್ಜಿ ಒಬ್ಬಾಕಿನ ಹೆಂಗ ಕೂಡ್ತಾಳ? ನಾ ಕೂಡ್ತೀನಿ. ಚಪ್ಪಲಿನೂ ಕಾಯ್ತೀನಿ,” ಎಂದು ಅಕ್ಕ ಕೆಳಗೇ ಉಳಿದಳು. ಅಪ್ಪ, ಅವ್ವ, ನಾನು ಮೇಲೆ ಹೋದೆವು. ಗೋಡೆಗೆ ಬಾಯಿ ಇಟ್ಟು ನಾನು “ಅಕ್ಕಾ” ಎಂದು ಕೂಗಿದ್ದೆ. ಆ ಕೂಗು ಗುಮ್ಮಟದ ಸುತ್ತ ತಿರುಗಿ ತಿರುಗಿ ಬಂದಿತ್ತು. ಬಸ್ಸಿನಲ್ಲಿ ಬರುವಾಗ ಅಪ್ಪ ದಾರಿಯುದ್ದಕ್ಕೂ ಅವಳನ್ನು ಹೊಗಳಿದ್ದರು. ಇಷ್ಟು ಸಣ್ಣ ವಯಸ್ಸಿನಲ್ಲಿ ಎಂಥ ತಿಳುವಳಿಕೆ, ಎಂಥ ತ್ಯಾಗ ಎಂದು. ನಮ್ಮ ಮನೆಯಲ್ಲಿ ಅದು ಮದುವೆ, ಮುಂಜಿವೆಗಳಲ್ಲಿ ಹೇಳುವ ಕಥೆಯೇ ಆಗಿತ್ತು.

“ಅಜ್ಜಿ ಸಲುವಾಗಿ ಕೂತದ್ದಲ್ಲ ಅದು,” ಅಂದಳು ಅಕ್ಕ. “ಆ ಮೆಟ್ಟಲಾ ನೋಡಿ ಅಂಜಿ ಕೂತದ್ದು. ಅಪ್ಪ ಹೊಗಳ್ಲಿಕತ್ತ ಮ್ಯಾಲೆ ಖರೇ ಹೇಳೂದು ಹೆಂಗ? ಅವತ್ತು ಒಂದು ಉಪಾಯ ಸಿಕ್ಕಂಗಾತು. ಎಲ್ಲೆ ಹತ್ತೂದು ಬರ್ತದೋ ಅಲ್ಲೆ ಯಾರರ ಒಬ್ಬರು ವಯಸ್ಸಾದವರು, ಇಲ್ಲಾ ಕೂಸು, ಇಲ್ಲಾ ಬ್ಯಾಗು ಇದ್ದ ಇರ್ತಾವ. ನಾ ಕಾಯ್ತೀನಿ ಅಂದ್ರ ಮುಗೀತು.”

ಒಂದೊಂದೇ ನನ್ನ ನೆನಪಿಗೆ ಬರತೊಡಗಿತು. ನಾರ್ತ್ ಕೆರೊಲಿನಾದ ಬೆಟ್ಟವೊಂದರ ತೂಗುಸೇತುವೆಗೆ ಹೋದಾಗ ನನ್ನ ಮಗಳ ತಳ್ಳುಗಾಡಿಯ ಹತ್ತಿರ ನಿಂತವಳು ಅವಳು. ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಾಗ ಬೀಚಿಗೆ ಹೋಗುವ ದಾರಿಯಲ್ಲಿ ಬೇ ಬ್ರಿಜ್ ಬರುತ್ತದೆ. ಮೈಲಿಗಟ್ಟಲೆ ಉದ್ದ, ನೀರಿನ ಮೇಲೆ ಮುಗಿಲಿಗೆ ಏರಿದ ಹಾಗೆ. ಅದು ಬರುವ ಹೊತ್ತಿಗೆ ಸರಿಯಾಗಿ ಅಕ್ಕನಿಗೆ ನಿದ್ದೆ ಬರುತ್ತಿತ್ತು. ಪಾಪ, ದಣಿದಿದ್ದಾಳೆ ಎಂದು ನಾವು ಹಾಡು ಸಣ್ಣ ಮಾಡುತ್ತಿದ್ದೆವು.

“ಮತ್ತ ಆಫೀಸಿನಾಗ? ಸೇತುವೆ ಕಟ್ಟಾಕಿ ನೀನು!”

“ಕಟ್ಟಾಕಿ ಅಲ್ಲ, ಲೆಕ್ಕಾ ಹಾಕಾಕಿ. ಸೈಟಿಗೆ ಹೋಗೂ ಪಾಳಿ ಬಂದ್ರ ಅದನ್ನ ಬ್ಯಾರೆಯವರಿಗೆ ಕೊಟ್ಟು, ಅವರ ರಿಪೋರ್ಟೆಲ್ಲಾ ನಾ ಬರದು ಕೊಡ್ತಿದ್ದೆ. ಅಲ್ಲೂ ಒಳ್ಳೇಕಿ ಅನಿಸಿಕೊಂಡೆ.” ದಾರವನ್ನು ಹಲ್ಲಿನಿಂದ ಕಡಿದಳು. “ನೀವೆಲ್ಲಾ ತ್ಯಾಗ ಅಂತೀರಲ್ಲ, ಅದರಾಗ ಅರ್ಧಾ ಅಂಜಿಕಿ ಅದ.”

ನಾನು ಮತ್ತೆ ನಗತೊಡಗಿದೆ. ಅವಳು ನಗಲಿಲ್ಲ. ನನ್ನ ನಗು ತಾನಾಗಿಯೇ ನಿಂತಿತು. ದಿನಕ್ಕೆ ಐದಾರು ಮಂದಿಯನ್ನು ‘ಅಂಜಿಕೆ ಇದೆಯೇ’ ಎಂದು ಕೇಳುವವಳು ನಾನು. ಕಣ್ಣಿನ ರೆಪ್ಪೆ ನೋಡಿಯೇ ಹೇಳಬಲ್ಲೆ ಎಂಬ ಜಂಬ ಬೇರೆ. ಸ್ವಂತ ಅಕ್ಕನನ್ನು ಒಮ್ಮೆಯೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು. ಅದನ್ನು ಮುಚ್ಚಿಕೊಳ್ಳಲು ವೈದ್ಯೆಯ ಹಾಗೆ ಕೆದಕಿದೆ. ಸಣ್ಣವಳಿದ್ದಾಗ ಎಲ್ಲಿಂದಾದರೂ ಬಿದ್ದಿದ್ದೆಯಾ, ಯಾರಾದರೂ ಬಿದ್ದದ್ದನ್ನು ನೋಡಿದ್ದೆಯಾ ಎಂದು.

“ಏನೂ ಆಗಿಲ್ಲ. ನಿಮಗ ಡಾಕ್ಟರ್ ಮಂದಿಗೆ ಎಲ್ಲಾದಕ್ಕೂ ಕಾರಣ ಬೇಕು. ಕೆಲವರಿಗೆ ಬದನಿಕಾಯಿ ಸೇರೂದಿಲ್ಲ. ನನಗ ಎತ್ತರ ಸೇರೂದಿಲ್ಲ.”

“ಹಂಗಾರ ಇಲ್ಲಿಗ್ಯಾಕ ಬಂದಿ?”

ಈಗ ಅವಳು ಸೂಜಿ ಕೆಳಗಿಟ್ಟಳು. ಬೆಂಕಿಯಲ್ಲಿ ಕಟ್ಟಿಗೆಯೊಂದು ಸಿಡಿದು ಕಿಡಿ ಹಾರಿತು.

“ಆ ವರ್ಷ ನೀ ದಿನಾ ಆ ಆಸ್ಪತ್ರಿ ಒಳಗ ಹೋಗ್ತಿದ್ದಿ. ಅಂಜಬ್ಯಾಡ ಅಂತ ಫೋನಿನಾಗ ಹೇಳ್ತಿದ್ದೆ ನಾನು. ಹೇಳಿ ಮನಿಗೆ ಬಂದು ಬಾಗಲಾ ಹಾಕ್ಕೊಂಡು ಕೂಡ್ತಿದ್ದೆ. ನೀ ಅಂಜಿಕೋತನ ಹೋಗ್ತಿದ್ದಿ, ಹೌದಲ್ಲೋ? ನೀ ಇಲ್ಲಿಗೆ ಕರದಾಗ ಅನಿಸಿತು, ನಾನೂ ಒಮ್ಮೆ ಅಂಜಿಕೋತ ಹೋಗಿ ನೋಡೂಣು ಅಂತ.”

ನಾನು ಎದ್ದು ಹೋಗಿ ಅವಳ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತೆ. ಅವಳು ನನ್ನ ಕೂದಲಲ್ಲಿ ಬೆರಳಾಡಿಸಿ, “ಎಷ್ಟು ಬೆಳ್ಳಗಾಗ್ಯಾವ ನೋಡು,” ಅಂದಳು. ಜಡೆಯ ಹೆಂಗಸು ಹೃದಯದ ಆಕಾರದ, ದಪ್ಪ ದೋಸೆಯಂಥ ಬಿಸಿ ವಾಫಲ್, ಹುಳಿಕೆನೆ, ಜಾಮು ತಂದಿಟ್ಟಳು. ಆ ಮುದುಕನಿಂದಲೋ ಏನೋ, ನಿನ್ನೆಯ ಸುದ್ದಿ ಆಕೆಗೂ ಮುಟ್ಟಿತ್ತೆಂದು ಕಾಣುತ್ತದೆ. “ನಮ್ಮಲ್ಲಿ ಬೆಟ್ಟದಿಂದ ಹಿಂದಿರುಗುವುದು ಅವಮಾನವಲ್ಲ. ಇಲ್ಲಿಯ ಮಕ್ಕಳಿಗೆ ಮೊದಲು ಕಲಿಸುವುದೇ ಅದನ್ನು,” ಎಂದು ಹೇಳಿ, ಅಕ್ಕನ ತೇಪೆಯನ್ನು ತಿರುಗಿಸಿ ನೋಡಿ, “ಹೊಲಿಗೆ ಬಹಳ ಚೆನ್ನಾಗಿದೆ,” ಅಂದು ಹೋದಳು. ನಾವು ಎಂಟು ವಾಫಲ್ ತಿಂದೆವು. ಮಳೆ ಸಂಜೆಯ ತನಕ ನಿಲ್ಲಲಿಲ್ಲ. ನಿಲ್ಲುವುದೂ ನಮಗೆ ಬೇಕಾಗಿರಲಿಲ್ಲ.

ಐದನೆಯ ದಿನವೂ ಮೋಡ ಕವಿದಿತ್ತು. ಹತ್ತಿರದಲ್ಲೇ ಅಡ್ಡಾಡಿದೆವು. ಕೊನೆಯ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ನಾಷ್ಟಾ ಮಾಡುತ್ತ ಅಕ್ಕ ತಾನಾಗಿಯೇ ಅಂದಳು, “ಇವತ್ತು ಮತ್ತ ಮ್ಯಾಲೆ ಹೋಗೂಣು.”

“ಬ್ಯಾಡಕ್ಕಾ.”

“ಏಣಿನ ತನಕ ಬರ್ತೀನಿ. ಮುಂದ ನೀ ಒಬ್ಬಾಕಿನ ಹೋಗು.”

ಹಾಗೇ ಮಾಡಿದೆವು. ದಾರಿ ಕಿರಿದಾಗುವ ಮೊದಲು ಒಂದು ಚಪ್ಪಟೆ ಬಂಡೆಯಿತ್ತು. ಅದರ ಮೇಲೆ ಬುತ್ತಿ, ಬ್ಯಾಗು ಇಟ್ಟುಕೊಂಡು ಕೂತಳು. “ಬ್ಯಾಗಿನ ಸಲುವಾಗಿ ಕೂಡ್ಲಿಕತ್ತಿಲ್ಲ ಮತ್ತ,” ಅಂದಳು. “ಅಂಜಿಕಿ ಅದ, ಅದಕ್ಕ ಕೂಡ್ಲಿಕತ್ತೀನಿ.”

ನಾನು ಒಬ್ಬಳೇ ಏಣಿನ ಮೇಲೆ ನಡೆದೆ. ಕಣ್ಣು ಹರಿಯುವ ತನಕ ಬೆಟ್ಟದ ಮೇಲೆ ಬೆಟ್ಟ, ನಡುನಡುವೆ ಹಿಮದ ಪಟ್ಟೆ, ಕೆಳಗೆ ಆ ಹಸಿರು ನೀರು. ಅಷ್ಟು ಚೆಂದವನ್ನು ನಾನು ಮೊದಲು ನೋಡಿರಲಿಲ್ಲ. ಆದರೂ ಮುಂದೆ ಹತ್ತು ಹೆಜ್ಜೆ ದೂರದಲ್ಲಿ ಕೆಂಪು ಜಾಕೀಟು ಇಲ್ಲದೆ ಏನೋ ಬಣಬಣ ಎನ್ನುತ್ತಿತ್ತು. ಆಚೆ ತುದಿ ಮುಟ್ಟಿ, ಸ್ವಲ್ಪ ಹೊತ್ತು ನಿಂತು, ಇಳಿಯುವ ದಾರಿ ಬಿಟ್ಟು ಮತ್ತೆ ಏಣಿನ ಮೇಲೆಯೇ ವಾಪಸು ಬಂದೆ. ಎರಡು ತಾಸಾಗಿತ್ತು. ಅಕ್ಕ ಬಂಡೆಯ ಮೇಲೆ ಕಾಲು ಚಾಚಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಎರಡು ಖಾಲಿ ಕಾಗದ.

“ನಂದೂ ತಿಂದಿಯೇನ?”

“ನೀ ಭಾಳ ಹೊತ್ತು ಮಾಡಿದಿ,” ಅಂದಳು, ಒಂದಿಷ್ಟೂ ನಾಚಿಕೆ ಇಲ್ಲದೆ. “ಕರದಂಟು ಉಳದದ. ತಿನ್ನು.”

ವಾಪಸು ಬಂದ ಮೇಲೆ ನಾನು ಮಾತಿನಂತೆ ಯಾರಿಗೂ ಹೇಳಲಿಲ್ಲ. ಆ ದೀಪಾವಳಿಗೆ ನಾವೆಲ್ಲ ಕ್ಯಾರಿಗೆ ಹೋದೆವು. ಊಟಕ್ಕೆ ಕೂತಾಗ ಅಕ್ಕನೇ ಎಲ್ಲರ ಮುಂದೆ, ಹೋಳಿಗೆ ಬಡಿಸುತ್ತ, ಏಣಿನ ಕಥೆ ಹೇಳಿದಳು. ಮುದುಕನ ಆಲೂಗಡ್ಡೆ, ಹರಿದ ಪ್ಯಾಂಟು, ಗೋಳಗುಮ್ಮಟ ಎಲ್ಲ. ನನ್ನ ಮಗಳು ಬಾಯಿ ತೆರೆದು, “ದೊಡ್ಡಮ್ಮಾ, ಸೀರಿಯಸ್ಲಿ?” ಅಂದಳು. ಭಾವ ಮಾತ್ರ ತುಪ್ಪ ಹಾಕಿಕೊಂಡು ಆರಾಮಾಗಿ ಉಣ್ಣುತ್ತಿದ್ದರು.

“ನಿಮಗ ಆಶ್ಚರ್ಯ ಆಗ್ಲಿಲ್ಲೇನು?” ಎಂದು ಕೇಳಿದೆ.

“ನನಗ ಗೊತ್ತಿತ್ತಲ್ಲ,” ಅಂದರು ಭಾವ. “ಮದಿವಿ ಆದ ವರ್ಷನ ಗೊತ್ತಾತು. ಸೇತುವೆ ಬಂತಂದ್ರ ಈಕಿ ಸೀಟ್ ಬೆಲ್ಟ್ ಹಿಂಗ ಹಿಡ್ಕೋತಿದ್ಲು. ಅದಕ್ಕ ನಾ ನಡುವಿನ ಲೇನಿನಾಗ ಹೊಡಿಯೂದು. ಸೇತುವೆಕಿಂತ ಮೊದಲ ಒಂದು ಕಿತ್ತಳಿ ಹಣ್ಣು ಕೊಟ್ಟು, ಸುಲಿ ಅಂತಿದ್ದೆ. ಕೈಗೆ ಕೆಲಸ ಇದ್ರ ಕಣ್ಣು ಹೊರಗ ಹೋಗೂದಿಲ್ಲ ನೋಡು.”

ಅಕ್ಕ ಹೋಳಿಗೆಯ ತಟ್ಟೆ ಹಿಡಿದುಕೊಂಡೇ ನಿಂತಳು. “ಮೂವತ್ತು ವರ್ಷ! ಹಣ್ಣು ತಿನ್ನೂ ಆಶಾ ಇವರಿಗೆ ಅಂದ್ಕೊಂಡಿದ್ದೆ. ಗೊತ್ತಿದ್ದೂ ಒಂದು ಮಾತು ಹೇಳ್ಲಿಲ್ಲ!”

“ನೀ ಹೇಳ್ಲಿಲ್ಲಲ್ಲ,” ಅಂದರು ಭಾವ. “ನಾ ಯಾಕ ಹೇಳ್ಲಿ?”

ಎಲ್ಲರೂ ನಕ್ಕರು. ಅಕ್ಕ ಅಡುಗೆಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಹೋಗಿ ನೋಡಿದಾಗ ಸಿಂಕಿನ ಮುಂದೆ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ನಾನು ಪಾತ್ರೆ ಒರೆಸುತ್ತ ಪಕ್ಕದಲ್ಲಿ ನಿಂತೆ.

ಅದಾದ ಮೇಲೆ ಮತ್ತೆ ಒಟ್ಟಿಗೆ ಬೆಟ್ಟಕ್ಕೆ ಹೋಗುವುದು ಆಗಲಿಲ್ಲ. ಒಂದು ವರ್ಷ ನನಗೆ ರಜೆ ಸಿಗಲಿಲ್ಲ, ಮುಂದಿನ ವರ್ಷ ಅವಳ ಮೊಳಕಾಲು ಕೈಕೊಟ್ಟಿತು. ಅಕ್ಕ ನಿವೃತ್ತಳಾದಳು. ಆದರೆ ಸಂಜೆ ಐದರ ಫೋನಿನಲ್ಲಿ ಮಾತು ಬೇರೆಯಾಗಿದೆ. ಮೊದಲು ನಾನು ಹೇಳುವುದು, ಅವಳು ಸಂತೈಸುವುದು ಇತ್ತು. ಈಗ ಅವಳೂ ಹೇಳುತ್ತಾಳೆ. ಮಗ ದೂರದ ಊರಿಗೆ ಹೋದದ್ದು, ಕೆಲಸವಿಲ್ಲದ ಸೋಮವಾರಗಳು, ಎಲ್ಲ.

ಹೋದ ವಸಂತದಲ್ಲಿ ಅವಳಿಗೆ ಕಣ್ಣಿನ ಪೊರೆಯ ಆಪರೇಷನ್ನು ನಿಗದಿಯಾಯಿತು. ಹತ್ತಿಪ್ಪತ್ತು ನಿಮಿಷದ ಕೆಲಸ. ಭಾವ ಜೊತೆಗಿದ್ದಾರೆ. ನಾನು ಹೋಗಬೇಕಾದ ಅಗತ್ಯವೇನೂ ಇರಲಿಲ್ಲ. ಹಿಂದಿನ ವಾರ ಅವಳು ಫೋನಿನಲ್ಲಿ ಮಗನ ಸುದ್ದಿ, ಹಿತ್ತಲಿನ ಸುದ್ದಿ ಎಲ್ಲ ಹೇಳಿ ಮುಗಿಸಿದ ಮೇಲೆ ಅಂದಳು.

“ಅಂಜಿಕಿ ಆಗ್ಲಿಕತ್ತದ. ಬರ್ತೀಯೇನ?”

ಡ್ಯೂಟಿ ಬೇರೆಯವರಿಗೆ ಒಪ್ಪಿಸಿ, ಮುಂಜಾನೆ ಕಾರು ತೆಗೆದೆ. ವರ್ಜೀನಿಯಾದಲ್ಲಿ ಎಂದಿನ ಟ್ರಾಫಿಕ್ಕು. ಐದು ತಾಸಿನ ದಾರಿ ಏಳು ತಾಸಾಯಿತು. ಮರುದಿನ ಆಪರೇಷನ್ ಕೋಣೆಯ ಹೊರಗೆ ನರ್ಸ್ ಬಂದು ಅವಳ ಹೆಸರು, ಹುಟ್ಟಿದ ದಿನ ಕೇಳಿದಳು. ಇನ್ನೇನಾದರೂ ಹೇಳುವುದಿದೆಯೇ ಎಂದಳು.

“ಇದೆ,” ಅಂದಳು ಅಕ್ಕ ಇಂಗ್ಲಿಷಿನಲ್ಲಿ. “ನನಗೆ ಭಯವಾಗುತ್ತಿದೆ. ಇವಳು ನನ್ನ ತಂಗಿ. ಕೊನೆಯ ಗಳಿಗೆಯ ತನಕ ಇವಳು ನನ್ನ ಹತ್ತಿರ ಇರಲಿ.”

ನರ್ಸ್ ತಲೆಯಾಡಿಸಿ, ನನಗೊಂದು ಕುರ್ಚಿ ತಂದು ಮಂಚದ ಪಕ್ಕದಲ್ಲಿ ಹಾಕಿದಳು.